ಹಿಫಾಜತ್ತಿನ ಟ್ರಂಕು

ಮಾಳಿಗೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಶಿವಕಾಂತಾಬಾಯಿ ತೊಗರಿಗೆ ಎಣ್ಣೆ ಹಚ್ಚುತ್ತಿದ್ದಳು. ಎರಡೂ ಕೈ ಮೊಣಕೈಯತನಕ ಜಿಡ್ಡು. ಒಂದೊಂದು ಕಾಳಿಗೂ ಎಣ್ಣೆ ತಾಗಬೇಕು, ತಾಗಿದ ಕಾಳು ಬಿಸಿಲುಂಡು ಸಿಪ್ಪೆ ಸಡಿಲ ಮಾಡಿಕೊಳ್ಳಬೇಕು, ಬೀಸುವ ಕಲ್ಲಿನ ಮಾತು ಆಮೇಲಿನದು. ನಡುವೆ ಬಿಟ್ಟೇಳುವ ಕೆಲಸವಲ್ಲ ಅದು. ಅಂಥ ಹೊತ್ತು ನೋಡಿಯೇ ಶಾಲೆಯ ಸಿಪಾಯಿ ಸಾಬಮ್ಮ ನಿಚ್ಚಣಿಕೆ ಹತ್ತಿ ಬಂದಳು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕಂದು ಲಕೋಟೆ.

"ಬಾಯಾರ, ನಿಮಗ ಸರ್ಕಾರದ ಕಾಗದ ಬಂದದ. ಹೆಡ್ ಮಾಸ್ತರ್ ಕುಣ್ಯಾಕತ್ತಾರ."

"ಸಿಟ್ಟಿಲೇನು, ಖುಷಿಲೇನು?"

"ಅವರದು ಎರಡೂ ಒಂದ ನಮೂನಿ ಕಾಣ್ತದ್ರಿ ಯವ್ವಾ. ಮೀಸಿ ಅಲ್ಲಾಡ್ತಾವ, ಅಷ್ಟ."

ಜಿಡ್ಡುಗೈಯಲ್ಲಿ ಸರ್ಕಾರವನ್ನು ಮುಟ್ಟುವಂತಿಲ್ಲ. ಸಾಬಮ್ಮನೇ ಕಾಗದ ಬಿಡಿಸಿ ಶಿವಕಾಂತಾಬಾಯಿಯ ಮುಖದ ಮುಂದೆ ಹಿಡಿದಳು.

"ತಲಿಕೆಳಗ ಹಿಡದೀ ಬೇ."

"ಸಿಕ್ಕಾ ಮ್ಯಾಲ ಇರಬೇಕಲ್ರಿ ಮತ್ತ? ದೊಡ್ಡವರದು ಕೆಳಗ ಹಿಡೀಲೇನು?"

ಸಿಕ್ಕಾದ ಮುದ್ರೆ ಕೆಳಗೆ ಬಂದ ಮೇಲೆ ಶಿವಕಾಂತಾಬಾಯಿ ಓದಿದಳು. ಓದಿ ಮತ್ತೊಮ್ಮೆ ಓದಿದಳು. ಜಿಲ್ಲೆಯಲ್ಲಿ ಮೂರು ವರ್ಷಗಳಿಂದ ಒಂದೇ ಒಂದು ಅಪಘಾತವಿಲ್ಲದೆ ಮರಗೆಲಸದ ತರಗತಿ ನಡೆಸಿಕೊಂಡು ಬಂದ ಏಕೈಕ ಶಾಲೆ ತೊಗರಗುಂಡಿಯದು. ಆದ್ದರಿಂದ ಸದರಿ ಶಾಲೆಯ ಕಾರ್ಯಾನುಭವ ಶಿಕ್ಷಕಿ ಶ್ರೀಮತಿ ಶಿವಕಾಂತಾ ಇವರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಆಯ್ದ ಶಿಕ್ಷಕರಿಗೆ ಸುರಕ್ಷಿತ ಮರಗೆಲಸ ತರಗತಿಯ ಬಗ್ಗೆ ಎರಡು ದಿನ ತರಬೇತಿ ಕೊಡತಕ್ಕದ್ದು. ತರಬೇತಿ ಪೂರೈಸಿದ ವರದಿ ಕೈಸೇರಿದ ಕೂಡಲೇ ಆಯಾ ಶಾಲೆಗಳಿಗೆ ಗರಗಸ, ಉಳಿ, ಬಾಚಿಗಳುಳ್ಳ ಪೆಟ್ಟಿಗೆಗಳನ್ನು ಜೂನ್ ತಿಂಗಳಲ್ಲಿ ಕಳಿಸಲಾಗುವುದು.

"ಏನಂತ್ರಿ?"

"ಮೂರು ತಾಲೂಕಿನ ಮಾಸ್ತರಗೋಳಿಗೆ ನಾ ಗರಗಸ ಹಿಡಿಯೂದು ಕಲಸಬೇಕಂತ."

ಸಾಬಮ್ಮ ನಕ್ಕ ರಭಸಕ್ಕೆ ತೊಗರಿಯ ಮೇಲೇ ಕೂತಳು. "ಯವ್ವಾ ನನ್ನವ್ವ! ಆ ಟ್ರಂಕಿನ ಮುಚ್ಚಳನರೆ ತಗದು ನೋಡೀರೇನು ನೀವು?"

"ನೋಡಿಲ್ಲ. ನೀ ಮದಲ ನನ್ನ ತೊಗರಿ ಮ್ಯಾಲಿಂದ ಏಳು."

ಆ ಟ್ರಂಕಿನ ಕಥೆ ಹೇಳದಿದ್ದರೆ ಈ ಕಾಗದ ತಿಳಿಯುವುದಿಲ್ಲ. ತೊಗರಗುಂಡಿ ಎಂಬುದು ಹಿರೋಳ್ಳಿಯಿಂದ ಆಚೆ, ಸೀಮೆಗೆ ಹತ್ತಿದ ಊರು. ಅಲ್ಲಿನ ಹುಂಜ ಕೂಗಿದರೆ ಮಹಾರಾಷ್ಟ್ರದವರು ಏಳುತ್ತಾರೆ. ಎಂಬತ್ತಮೂರರಲ್ಲಿ ಕೆಲವು ಶಾಲೆಗಳಿಗೆ ಮರಗೆಲಸ ಬಂತು. ಪುಸ್ತಕ ಓದಿದ ಹುಡುಗರಿಗೆ ಕೈಯೂ ಇದೆಯೆಂದು ಯಾರಿಗೋ ನೆನಪಾಗಿತ್ತು. ಹೊಲಿಗೆ ಕಲಿಸುವ ಶಿವಕಾಂತಾಬಾಯಿಯನ್ನು ಧಾರವಾಡಕ್ಕೆ ಹತ್ತು ದಿನ ಕಳಿಸಿದರು. ಹೊಲಿಗೆಯೂ ಕೈಗೆಲಸ, ಮರಗೆಲಸವೂ ಕೈಗೆಲಸ, ನಡುವೆ ಇರುವ ವ್ಯತ್ಯಾಸ ಕಚೇರಿಗೆ ಕಾಣುವಷ್ಟು ದೊಡ್ಡದಾಗಿರಲಿಲ್ಲ.

ಹೋಗುವಾಗ ಬೈದುಕೊಂಡು ಹೋಗಿದ್ದ ಬಾಯಿ ಬರುವಾಗ ತಾನೇ ಮಾಡಿದ ಒಂದು ಕೂಡುವ ಮಣೆ ಹಿಡಿದುಕೊಂಡು ಬಂದಳು. ಅದರ ನಾಲ್ಕೂ ಕಾಲು ನೆಲಕ್ಕೆ ಹತ್ತುತ್ತಿದ್ದವು. ಅದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ಸರದಿಯ ಮೇಲೆ ಕೂತೆದ್ದು ಹೋದರು. ಇನ್ನೊಂದನ್ನೂ ಅವಳು ತಂದಿದ್ದಳು, ಅದನ್ನು ಯಾರಿಗೂ ತೋರಿಸಲು ಬರುತ್ತಿರಲಿಲ್ಲ. ಅಲ್ಲಿ ಒಬ್ಬ ಮಾಸ್ತರರು ಹಲಗೆಯನ್ನು ಅಲುಗದಂತೆ ಕಚ್ಚಿ ಹಿಡಿಯುವ ಶಿಕಂಜಾದಲ್ಲಿ ಬಿಗಿಯದೆ, ಎದುರಿಗಿದ್ದವನ ಕೈಗೆ ಹಿಡಿಯಲು ಕೊಟ್ಟು ಕೊಯ್ಯಹೋದರು. ಹಲಗೆ ಅಲುಗಿತು, ಗರಗಸ ಜಿಗಿಯಿತು, ಹಿಡಿದವನ ಬೆರಳು ಹೋಯಿತು. ಬಾಯಿ ತನ್ನ ಸೆರಗು ಹರಿದು ಕಟ್ಟಿದ್ದಳು. ಅಷ್ಟು ಸಣ್ಣ ಬೆರಳಿನೊಳಗೆ ಅಷ್ಟೊಂದು ರಕ್ತ ಎಲ್ಲಿರುತ್ತದೆಂದು ಅವಳಿಗೆ ಇಂದಿಗೂ ತಿಳಿದಿಲ್ಲ.

ಅವಳ ಬೆನ್ನಿಗೇ ಟ್ರಂಕು ಬಂತು, ಜೊತೆಗೆ ಒಂದು ಸುತ್ತೋಲೆ: "ಉಪಕರಣಗಳನ್ನು ಸುರಕ್ಷಿತವಾಗಿ ಬಳಸತಕ್ಕದ್ದು."

ಮುಖ್ಯ ಗುರುಗಳು ಜಗದೇವಪ್ಪನವರು ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಮ್ಯಾಟ್ರಿಕ್ ಪಾಸಾದವರು. ಮನೆಯಲ್ಲಿ ಕನ್ನಡ, ಪೂಜೆಗೆ ವಚನ, ಎಲ್ಲ ಸರಿ. ಆದರೆ ಸರ್ಕಾರದ ಕಾಗದ ಬಂದರೆ ಅದು ಅವರ ತಲೆಯಲ್ಲಿ ಮೊದಲು ಉರ್ದುವಾಗಬೇಕು, ಆಮೇಲೆಯೇ ಅರ್ಥ. ಅವರು ಸುತ್ತೋಲೆಯನ್ನು ಕಣ್ಣಿನ ಹತ್ತಿರ ಹಿಡಿದು ಬಿಡಿಸಿದರು.

"ಸುರಕ್ಷಿತ. ಸುರಕ್ಷಿತ ಅಂದ್ರ ಏನ್ರಿ ಬಾಯಾರ? ಹಿಫಾಜತ್! ಹಿಫಾಜತ್ ಅಂದ್ರ ಏನು? ಕೀಲಿ!"

"ಮುಂದ 'ಬಳಸತಕ್ಕದ್ದು' ಅಂತ ಅದಲ್ರಿ ಸರ್?"

"ಅದ. ಆದ್ರ ಯಾವುದು ಮದಲ ಬರದಾರ? ಹಿಫಾಜತ್ ಮದಲ. ಮದಲಿಂದು ಮುಗೀಲಿ, ಆಮ್ಯಾಲ ಎರಡನೇದು."

ಮೊದಲಿನದು ಮುಗಿಯಲೇ ಇಲ್ಲ. ಟ್ರಂಕಿಗೆ ಆಳಂದದಿಂದ ದೊಡ್ಡ ಕೀಲಿ ಬಂತು, ಕೀಲಿಕೈ ಜಗದೇವಪ್ಪನವರ ಉಡದಾರಕ್ಕೆ ಹೋಯಿತು. ಪ್ರತಿ ವರ್ಷ ದಸರೆಯ ಖಂಡೆಪೂಜೆಗೆ ಟ್ರಂಕಿಗೆ ವಿಭೂತಿ ಬಳಿದು, ಕೀಲಿಗೆ ಚೆಂಡುಹೂವು ಸಿಕ್ಕಿಸಿ, ಕಾಯಿ ಒಡೆಯುತ್ತಿದ್ದರು. ಒಳಗಿನ ಗರಗಸಕ್ಕೆ ಕಾಯಿ ಒಡೆದ ಸದ್ದಾದರೂ ಕೇಳಿಸಿತೋ ಇಲ್ಲವೋ.

ಊರಿನವರಿಗೂ ಇದರಿಂದ ತೊಂದರೆಯಾಗಲಿಲ್ಲ. ಮಲ್ಲಣ್ಣಗೌಡರು ಮೀಸೆ ತಿರುವಿಕೊಂಡು ಬಂದು, "ಏನ್ ಗುರುಗೋಳ, ನಮ್ಮ ಹುಡುಗನ್ನ ಬಡಿಗ್ಯಾ ಮಾಡಾಕ ಸಾಲಿಗಿ ಹಾಕೇವೇನು?" ಎಂದು ಕೇಳಿದರು. "ಛೆ ಛೆ, ಮುಟ್ಟಾಕ ಬಿಡಂಗಿಲ್ರಿ ಗೌಡ್ರ!" ಎಂದು ಜಗದೇವಪ್ಪ ಮಾತು ಕೊಟ್ಟರು. ಅದೇ ವಾರ ಬಡಿಗರ ಮನೆಯವರು ಬಂದು, "ನಮ್ಮ ಹುಡುಗನ್ನ ಈ ಕೆಲಸ ತಪ್ಪಸಾಕಂತನ ಸಾಲಿಗಿ ಹಾಕೇವ್ರಿ, ಇಲ್ಲೂ ಅದ ಗರಗಸೇನು?" ಎಂದರು. ಅವರಿಗೂ ಅದೇ ಮಾತು ಸಿಕ್ಕಿತು. ಮೇಲು ಓಣಿ, ಕೆಳ ಓಣಿ ಎರಡೂ ಒಪ್ಪಿದ ಕಾರ್ಯಕ್ರಮ ತೊಗರಗುಂಡಿಯ ಚರಿತ್ರೆಯಲ್ಲಿ ಇದೊಂದೇ.

ವೇಳಾಪಟ್ಟಿಯಲ್ಲಿ 'ಮರಗೆಲಸ' ಎಂದಿದ್ದ ಹೊತ್ತಿನಲ್ಲಿ ಶಿವಕಾಂತಾಬಾಯಿ ಹುಡುಗರಿಗೆ ಗುಂಡಿ ಹಚ್ಚುವುದು ಕಲಿಸಿದಳು. ಮೂರು ತಿಂಗಳಿಗೊಮ್ಮೆ ಕಚೇರಿಯಿಂದ ಪ್ರಶ್ನೆ ಬರುತ್ತಿತ್ತು: ಮರಗೆಲಸದ ತರಗತಿಯಲ್ಲಿ ಸಂಭವಿಸಿದ ಅಪಘಾತಗಳು? ಜಗದೇವಪ್ಪನವರು ಠೀವಿಯಿಂದ 'ನಿಲ್' ಬರೆಯುತ್ತಿದ್ದರು. ಬೇರೆ ಶಾಲೆಯವರು ಪಾಪ, ಒಂದು ಗಾಯ, ಒಂದು ಜಜ್ಜು ಎಂದು ಬರೆದರು, ಯಾಕೆಂದರೆ ಅವರು ಪೆಟ್ಟಿಗೆ ತೆಗೆದಿದ್ದರು. ಹೀಗಾಗಿ ತೊಗರಗುಂಡಿ ಜಿಲ್ಲೆಗೇ ಮಾದರಿಯಾಯಿತು.

ಅವತ್ತು ಶಿವಕಾಂತಾಬಾಯಿ ಕಡಲೆಹಿಟ್ಟಿನಿಂದ ಕೈ ತೊಳೆದವಳೇ ಪತ್ರ ಬರೆಯಲು ಕೂತಳು. ಅವಳ ಕಣ್ಣೆದುರಿಗೆ ಟ್ರಂಕು ಇರಲಿಲ್ಲ, ಜೂನ್ ತಿಂಗಳಿತ್ತು. ತನ್ನಿಂದ ಕಲಿತೆವೆಂದು ಹೋಗುವ ಮಾಸ್ತರರು, ಅವರ ಎದುರಿಗೆ ಮೂವತ್ತು ಶಾಲೆಯ ಮಕ್ಕಳು, ಆ ಮಕ್ಕಳ ಕೈಯಲ್ಲಿ ಹೊಚ್ಚಹೊಸ ಗರಗಸಗಳು. ಪತ್ರದಲ್ಲಿ ಅವಳು ನೆಟ್ಟಗೆ ಬರೆದಳು: ನಮ್ಮಲ್ಲಿ ಅಪಘಾತವಾಗಿಲ್ಲ ಎಂಬುದು ನಿಜ. ತರಗತಿಯೂ ಆಗಿಲ್ಲ, ಪೆಟ್ಟಿಗೆಯನ್ನೂ ತೆರೆದಿಲ್ಲ. ಪೆಟ್ಟಿಗೆ ತೆರೆಯಲು ಅಪ್ಪಣೆ ಕೊಡಿಸಿರಿ, ಶಿಕಂಜಾ ಇರುವ ಎರಡು ಮೇಜು ಕಳಿಸಿರಿ, ನಾನು ಒಂದು ವರ್ಷ ಕಲಿಸಿ ನೋಡುತ್ತೇನೆ. ಆಮೇಲೆ ಬೇರೆಯವರಿಗೆ ಹೇಳುತ್ತೇನೆ. ಅಲ್ಲಿಯವರೆಗೆ ಯಾವ ಶಾಲೆಗೂ ಪೆಟ್ಟಿಗೆ ಹೋಗಬಾರದು.

ಬರೆಯುವುದು ಸುಲಭ, ಕಳಿಸುವುದು ಸುಲಭವಲ್ಲ. ಶಿಕ್ಷಕರು ಬರೆದ ಪತ್ರ ಮುಖ್ಯ ಗುರುಗಳ ಮುಖಾಂತರವೇ ಹೋಗಬೇಕು. ಹಿಂದೆ ಒಬ್ಬರು ನೇರ ಕಳಿಸಿದ್ದಕ್ಕೆ ಪತ್ರದಲ್ಲಿ ಏನಿತ್ತೆಂದು ಯಾರೂ ನೋಡದೆ, ನೇರ ಯಾಕೆ ಕಳಿಸಿದಿರೆಂದು ವರ್ಷಗಟ್ಟಲೆ ಕೇಳಿದ್ದರು.

ಜಗದೇವಪ್ಪನವರು ಪತ್ರ ಓದಿದರು. ಮೀಸೆ ಅಲ್ಲಾಡಿತು.

"ಕಳಸೋಣ್ರಿ ಬಾಯಾರ. ಕಳಸಬ್ಯಾಡಂತ ಯಾರಂದ್ರು? ಆದ್ರ ಎಡಕ್ಕ ಹಾಶಿಯಾ ಬಿಟ್ಟಿಲ್ಲ ನೀವು."

ಅವಳು ಎಡಕ್ಕೆ ಜಾಗ ಬಿಟ್ಟು ಮತ್ತೆ ಬರೆದು ತಂದಳು. ಆಗ ಸಿಕ್ಕಾದ ಪ್ಯಾಡು ಒಣಗಿತ್ತು. ಪ್ಯಾಡಿಗೆ ಶಾಯಿ ಬಂದಾಗ ಅಮಾವಾಸ್ಯೆ ಬಂದಿತ್ತು. ಅಮಾವಾಸ್ಯೆ ಹೋದ ಮೇಲೆ, "ಮೂರು ಸಲ 'ಇಲ್ಲ' ಅಂತ ಬರದೀರಿ. ಕಚೇರಿಗಿ ಇಷ್ಟು 'ಇಲ್ಲ' ಬರಿಯೂದು ಅದಬ್ ಅಲ್ಲ, ಮರ್ಯಾದಿ ಅಲ್ಲ. ಎರಡು ತಗೀರಿ" ಎಂದರು. ಎರಡು 'ಇಲ್ಲ' ತೆಗೆದು ತಂದಳು. "ಈಗ ತರಬೇತಿ ಹತ್ರ ಬಂತು. ಮದುವಿ ದಿವಸ ಹೆಣ್ಣು ಬ್ಯಾಡ ಅಂದ್ರ ಚಂದಲ್ಲ. ಮುಗೀಲಿ, ಕಳಸೋಣ" ಎಂದು ಪತ್ರವನ್ನು ಮೇಜಿನ ಮೇಲಿನ ಕಲ್ಲಿನ ಕೆಳಗಿಟ್ಟರು. ಶಿವಕಾಂತಾಬಾಯಿ ಜಗಳವಾಡುವ ಹೆಂಗಸಲ್ಲ. ದಿನಾ ಹೋಗಿ, "ಸರ್, ಪತ್ರ?" ಎನ್ನುತ್ತಿದ್ದಳು. ಅವರು ಕಲ್ಲನ್ನು ಮುಟ್ಟಿ ನೋಡಿ, "ಹಿಫಾಜತ್‌ಲೆ ಅದ್ರಿ" ಎನ್ನುತ್ತಿದ್ದರು.

ತರಬೇತಿಯ ದಿನ ಬಂತು. ಜೇವರ್ಗಿಯವರು ನಸುಕಿನಲ್ಲಿ ಬಿಟ್ಟು, ಬಸ್ಸಿನಿಂದ ಬಸ್ಸಿಗೆ ಹಾರಿ, ಬಿಸಿಲೇರಿದ ಮೇಲೆ ಇಳಿದರು. ಇಳಿದವರ ಮೊದಲ ಪ್ರಶ್ನೆ ಚಹಾದ್ದು, ಎರಡನೆಯದು ತಿರುಗಿ ಹೋಗುವ ಬಸ್ಸಿನದು. ಆಯ್ದ ಶಿಕ್ಷಕರೆಂದು ಆದೇಶದಲ್ಲಿ ಇತ್ತಲ್ಲ, ಆಯ್ದದ್ದು ಹೌದು. ಅಕ್ಕಿಯಲ್ಲಿ ಹಳ್ಳು ಆಯುವ ಹಾಗೆ ಪ್ರತಿ ಶಾಲೆಯವರೂ ತಮಗೆ ಬೇಡಾದವರನ್ನು ಆಯ್ದು ಕಳಿಸಿದ್ದರು. ಬರುವ ತಿಂಗಳು ನಿವೃತ್ತರಾಗುವ ಹಿಂದಿ ಪಂಡಿತರೊಬ್ಬರಿದ್ದರು. ಕರಜಗಿಯಿಂದ ಡ್ರಿಲ್ ಮಾಸ್ತರ ಭೀಮಶಾ ಬಂದಿದ್ದ, ಕೊರಳಲ್ಲಿ ಸೀಟಿ ತೂಗುತ್ತಿತ್ತು. ಜೇವರ್ಗಿಯ ಉರ್ದು ಶಾಲೆಯಿಂದ ಹೊಲಿಗೆ ಕಲಿಸುವ ಪ್ಯಾರಿಬಿ ಬಂದಿದ್ದಳು. ಧಾರವಾಡದ ಹತ್ತು ದಿನವೂ ಆಕೆ ಶಿವಕಾಂತಾಬಾಯಿಯ ಪಕ್ಕದ ಹಾಸಿಗೆಯವಳು.

"ಬೇ ಶಿವಕಾಂತಾ, ಭಾಳ ದೊಡ್ಡಾಕಿ ಆದೆಲ್ಲ! ಟ್ರೈನಿಂಗ್ ಕೊಡ್ತೀ ಅಂತ!"

"ಒಳಗ ಬಾ, ಹೇಳ್ತೀನಿ ದೊಡ್ಡಸ್ತನ" ಎಂದು ಬಾಯಿ ಅವಳ ಕಿವಿಯಲ್ಲಿ ಎಲ್ಲ ಹೇಳಿದಳು. ಪ್ಯಾರಿಬಿ ತನ್ನ ಬಾಯಿಗೆ ಸೆರಗು ಒತ್ತಿ ಹಿಡಿದಳು. ಅದು ಗಾಬರಿಗೋ ನಗೆಗೋ ತಿಳಿಯಲಿಲ್ಲ.

ಕಚೇರಿಯಿಂದ ವಿಷಯ ಪರಿವೀಕ್ಷಕರು ಹಣಮಂತರಾಯರು ಬಂದರು. ಅವರಿಗೆ 'ಪದ್ಧತಿ' ಎಂಬ ಶಬ್ದದ ಮೇಲೆ ಬಹಳ ಪ್ರೀತಿ. ಹಾರ ಹಾಕಿಸಿಕೊಂಡು ಮಾತಾಡಿದರು: "ಬೆರಳು ದೇವರು ಕೊಟ್ಟದ್ದು, ಗರಗಸ ಸರ್ಕಾರ ಕೊಟ್ಟದ್ದು. ಎರಡನ್ನೂ ಕಾಯ್ದುಕೊಳ್ಳುವುದು ಒಂದು ಪದ್ಧತಿ." ಜಗದೇವಪ್ಪನವರು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

ಟ್ರಂಕು ತೆರೆದಿರಲಿಲ್ಲ. "ಕಡೀ ದಿವಸ ಸಾಹೇಬ್ರ ಸಮಕ್ಷಮ ದರ್ಶನ ಮಾಡಸೋಣ" ಎಂದು ಜಗದೇವಪ್ಪನವರು ಹೇಳಿದ್ದರು. ಹೀಗಾಗಿ ಬಾಯಿ ಕರಿಹಲಗೆಯ ಮೇಲೆ ಗರಗಸ ಬರೆದಳು, ಹಲ್ಲು ಬರೆದಳು. ಮಾಸ್ತರರು ತಮ್ಮ ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡರು. ಹಿಂದಿ ಪಂಡಿತರ ಗರಗಸ ಮೀನಿನ ಹಾಗಿತ್ತು.

"ಕಟ್ಟಿಗಿ ಅಲುಗಬಾರದು, ಗರಗಸ ಅವಸರ ಮಾಡಬಾರದು" ಎಂದಳು ಬಾಯಿ. "ಹಲಗಿ ಶಿಕಂಜಾದಾಗ ಬಿಗಿಯದ ಕೊಯ್ಯಾಕ ಹೋಗಬ್ಯಾಡ್ರಿ. ಒಬ್ಬ ಹುಡುಗ ಹಿಡದು, ಒಬ್ಬ ಕೊಯ್ಯೂದಂತೂ ಬಿಲ್ಕುಲ್ ಬ್ಯಾಡ."

"ಇದು ಪರೀಕ್ಷಾಕ್ಕ ಬರ್ತದೇನ್ರಿ ಬಾಯಾರ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ಅವಳು ಸಾಲಿನ ನಡುವೆ ಹಾದು ನೋಟುಪುಸ್ತಕ ನೋಡಿದಳು. ಮುಂದಿನ ಸಾಲಿನವರೊಬ್ಬರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದರು: 'ಒಬ್ಬ ಹುಡುಗ ಹಿಡಿಯುವುದು. ಒಬ್ಬ ಹುಡುಗ ಕೊಯ್ಯುವುದು.' ಪಕ್ಕದವರು ಅದನ್ನು ನೋಡಿ ಬರೆದಿದ್ದರು, ಅವರ ಪಕ್ಕದವರು ಅವರದನ್ನು ನೋಡಿ. ಬಾಯಿ ತಿದ್ದಿಸಿದಳು. ತಿದ್ದಿಸುತ್ತ ತಿದ್ದಿಸುತ್ತ ಹಿಂದಿನ ಬೆಂಚಿಗೆ ಹೋಗುವಷ್ಟರಲ್ಲಿ ಚಹಾ ಬಂತು, ಪುಸ್ತಕಗಳು ಮುಚ್ಚಿದವು. ಆ ಮುಚ್ಚಿದ ಪುಸ್ತಕಗಳಲ್ಲಿ ಏನೇನು ಉಳಿಯಿತೋ ಶಿವನೇ ಬಲ್ಲ.

ಚಹಾ ಕುಡಿದು ಬಂದ ಪರಿವೀಕ್ಷಕರು, "ಬರೇ ಬರಹ ಆತಲ್ರಿ, ಕೃತಿ ಎಲ್ಲಿ?" ಎಂದರು. ಇದನ್ನೇ ಕಾಯುತ್ತಿದ್ದ ಭೀಮಶಾ ಸೀಟಿ ಊದಿ ಎದ್ದ.

"ಸಾಹೇಬ್ರ, ನಂಗ ಒಪ್ಪಸ್ರಿ. ಎಲ್ಲಾರು ಎದ್ದ ನಿಂದರ್ರಿ! ಸಾವಧಾನ್! ಎಡಗೈ ಮುಂದ, ಕಟ್ಟಿಗಿ ಹಿಡಿ! ಬಲಗೈ ಮ್ಯಾಲ, ಗರಗಸ ಹಿಡಿ! ಏಕ್! ದೋ! ಏಕ್! ದೋ!"

ಮೂರು ತಾಲ್ಲೂಕಿನ ಶಿಕ್ಷಕರು ಸಾಲಾಗಿ ನಿಂತು ಗಾಳಿಯನ್ನು ಕೊಯ್ದರು. ಧೋತರದವರು, ಪ್ಯಾಂಟಿನವರು, ಸೀರೆಯವರು, ಎಲ್ಲರ ಬಲಗೈ ಒಂದೇ ತಾಳಕ್ಕೆ ಮುಂದೆ ಹಿಂದೆ. ಹಿಂದಿ ಪಂಡಿತರಿಗೆ ಏದುಸಿರು ಬಂತು.

ಪ್ಯಾರಿಬಿ ಗಟ್ಟಿಯಾಗಿ ಕೂಗಿದಳು, "ಮಾಸ್ತರ್, ನಂದು ಗಾಳಿ ಎರಡು ತುಂಡ ಆತು. ಈಗ ಮೊಳಿ ಹೊಡೀಲೇನು?"

"ಹಲ್ಟ್!" ಎಂದ ಭೀಮಶಾ. "ಒಬ್ಬರಿಗರೆ ಪೆಟ್ಟಾತೇನು? ಇಲ್ಲ!"

ಹಣಮಂತರಾಯರ ಕಣ್ಣು ತುಂಬಿ ಬಂತು. "ಇದು! ಇದು ಪದ್ಧತಿ! ಕಟ್ಟಿಗಿ ಖರ್ಚಿಲ್ಲ, ಗಾಯ ಇಲ್ಲ. ತೊಗರಗುಂಡಿ ಪದ್ಧತಿ ಅಂತ ಇಡೀ ರಾಜ್ಯಕ್ಕ ಬರೀತೇನಿ ನಾ!"

ಎರಡನೆಯ ದಿನ ಶಿವಕಾಂತಾಬಾಯಿ ತಡೆದುಕೊಳ್ಳಲಿಲ್ಲ. ಎಲ್ಲರೂ ಕೂತ ಮೇಲೆ ಪರಿವೀಕ್ಷಕರ ಮುಂದೆ ನಿಂತು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸಾಹೇಬ್ರ, ಪ್ಯಾರಿಬಿ ಬಿಟ್ರ ಇವರ್ಯಾರೂ ಗರಗಸ ಕೈಲೆ ಮುಟ್ಟಿಲ್ಲ. ಟ್ರಂಕ್ ತಗಸ್ರಿ. ಕಟ್ಟಿಗಿ ನಾ ತಂದೇನಿ. ಒಬ್ಬೊಬ್ಬರು ಒಂದೊಂದು ಸಲ ಕೊಯ್ದು ತೋರಸ್ಲಿ, ಆಮ್ಯಾಲ ನಾ ಸಹಿ ಮಾಡ್ತೇನಿ."

"ಟ್ರಂಕ್ ತಗಿಲಿ, ಅದಕ್ಕೇನು" ಎಂದರು ಹಣಮಂತರಾಯರು. "ಯಾರ ಕಡೆ ಅದ ಕೀಲಿಕೈ?"

ಜಗದೇವಪ್ಪನವರ ಮೀಸೆ ನಿಂತುಹೋಯಿತು. ಕೀಲಿಕೈ ಉಡದಾರದಲ್ಲಿತ್ತು, ಉಡದಾರ ಧೋತರದೊಳಗಿತ್ತು, ಎದುರಿಗೆ ಹೆಣ್ಣುಮಕ್ಕಳಿದ್ದರು. ಅವರು ಭಾರತದ ನಕಾಶೆಯನ್ನು ಗೋಡೆಯಿಂದ ಇಳಿಸಿ ಅಡ್ಡ ಹಿಡಿಸಿಕೊಂಡರು. ನಕಾಶೆಯ ಹಿಂದೆ ಸ್ವಲ್ಪ ಹೊತ್ತು ಏನೋ ತಡಕಾಟ ನಡೆಯಿತು. "ಸರ್, ಕಾಶ್ಮೀರ ಜರಾ ಕೆಳಗ ಇಳಸ್ರಿ, ಕಾಲು ಕಾಣಾಕತ್ತಾವ" ಎಂದಳು ಸಾಬಮ್ಮ.

ಕೀಲಿ ತೆಗೆದು ಮುಚ್ಚಳ ಎತ್ತಿದಾಗ ಬೇವಿನ ಸೊಪ್ಪಿನ ವಾಸನೆ ಬಂತು. ಒಳಗೆ ಎಲ್ಲಕ್ಕೂ ಹಳೆಯ ಪೇಪರು ಸುತ್ತಿತ್ತು. ಜಗದೇವಪ್ಪನವರು ಎಡಗೈಯಲ್ಲಿ ಮುಚ್ಚಳ ಹಿಡಿದು, ಬಲಗೈಯಲ್ಲಿ ಗರಗಸದ ಪೇಪರು ಅಷ್ಟೇ ಸರಿಸಿ, ಗರ್ಭಗುಡಿಯಲ್ಲಿ ದೀಪ ಎತ್ತಿ ತೋರಿಸುವ ಹಾಗೆ ತೋರಿಸಿದರು. ಗರಗಸ ಅರ್ಧ ಬೆಳ್ಳಗೆ, ಅರ್ಧ ಕೆಂಪಗೆ ಜಂಗು ಹಿಡಿದಿತ್ತು.

"ದೂರಿಂದ ನೋಡ್ರಿ. ದೂರಿಂದ."

"ದೂರಿಂದ ಹ್ಯಾಂಗ ಕೊಯ್ಯೂದ್ರಿ ಸರ್?" ಎಂದು ಭೀಮಶಾ ಕೈ ಚಾಚಿಯೇಬಿಟ್ಟ.

ಆ ಕೈ ಗರಗಸದ ಕಡೆ ಬರುವುದನ್ನು ಕಂಡ ಜಗದೇವಪ್ಪನವರಿಗೆ ಮೂರು ವರ್ಷದ ಹಿಫಾಜತ್ತು ಒಮ್ಮೆಲೇ ನೆತ್ತಿಗೇರಿತು. "ಮುಟ್ಟಬ್ಯಾಡೋ!" ಎಂದು ಮುಚ್ಚಳವನ್ನು ಧಡ್ಡನೆ ಬಿಟ್ಟರು. ಭೀಮಶಾ ಡ್ರಿಲ್ಲಿನವನು, ಕೈ ಹಿಂದೆ ತೆಗೆದುಕೊಂಡ. ಜಗದೇವಪ್ಪನವರ ಬಲಗೈ ಒಳಗೇ ಇತ್ತು.

ಉರ್ದುವೂ ಹೋಯಿತು, ಸರ್ಕಾರಿ ಕನ್ನಡವೂ ಹೋಯಿತು. "ಯವ್ವಾ ಸತ್ತೆನೇ!" ಎಂದ ಕೂಗು ಹೊರಗೆ ಬೇವಿನ ಮರದ ಕಾಗೆಗಳನ್ನು ಎಬ್ಬಿಸಿತು. ನಾಲ್ವರು ಸೇರಿ ಮುಚ್ಚಳ ಎತ್ತಿದರು. ಹೆಬ್ಬೆರಳು ಉಗುರಿನ ಮೇಲೆ ಜಜ್ಜಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು, ಸುತ್ತ ರಕ್ತ.

"ಔಷಧದ ಡಬ್ಬಿ ತರ್ರಿ! ಸಾಲಿಗಿ ಕೊಟ್ಟಾರಲ್ಲ, ಎಲ್ಲದ ಅದು?" ಎಂದು ಪರಿವೀಕ್ಷಕರು ಕೂಗಿದರು.

ಜಗದೇವಪ್ಪನವರು ನೋವಿನಲ್ಲೂ ಎಡಗೈಯಿಂದ ಟ್ರಂಕಿನ ತಳ ತೋರಿಸಿದರು. "ಬುಡಕ್ಕದ್ರಿ. ಹಿಫಾಜತ್‌ಲೆ..."

ಗರಗಸ, ಉಳಿ, ಬಾಚಿ, ಸುತ್ತಿಗೆ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಮೂರು ವರ್ಷದಲ್ಲಿ ಮೊದಲ ಸಲ ತೊಗರಗುಂಡಿಯ ನೆಲಕ್ಕೆ ಬಂದವು, ಔಷಧ ಹುಡುಕುವ ನೆಪದಿಂದ. ಡಬ್ಬಿ ಸಿಕ್ಕಿತು. ಟಿಂಚರಿನ ಬಾಟಲಿ ಒಣಗಿ ಕಲೆ ಮಾತ್ರ ಉಳಿದಿತ್ತು, ಪಟ್ಟಿಯನ್ನು ಜಿರಲೆಗಳು ತಿಂದಿದ್ದವು. ಸಾಬಮ್ಮ ಓಡಿ ಹೋಗಿ ಅರಿಸಿನ ತಂದಳು, ಶಿವಕಾಂತಾಬಾಯಿ ನೀರು ಹಾಕಿ ತೊಳೆದಳು, ಪ್ಯಾರಿಬಿ ತನ್ನ ಕರವಸ್ತ್ರ ಕಟ್ಟಿದಳು. ಆ ರಕ್ತ ನೋಡಿದಾಗ, ಇದೇ ಬೆರಳು ಇದರ ಅರ್ಧದಷ್ಟು ಸಣ್ಣದಿದ್ದಿದ್ದರೆ ಎನಿಸಿತು ಅವಳಿಗೆ.

ಪಟ್ಟಿ ಕಟ್ಟಿ ಮುಗಿಯುವಷ್ಟರಲ್ಲಿ ಹಣಮಂತರಾಯರಿಗೆ ಒಂದು ಚಿಂತೆ ಹತ್ತಿತ್ತು. ಸುರಕ್ಷಿತ ತರಬೇತಿಯಲ್ಲಿ ಅಪಘಾತ! ಅವರು ಕನ್ನಡಕ ಏರಿಸಿ ಯೋಚಿಸಿದರು. ಆಮೇಲೆ ಮುಖ ಅರಳಿತು.

"ನಮೂನಿದಾಗ ಏನದ? 'ಉಪಕರಣದಿಂದ ಆದ ಅಪಘಾತ' ಅಂತದ. ಟ್ರಂಕ್ ಉಪಕರಣ ಅಲ್ಲ. ಅದು ಪೀಠೋಪಕರಣ. ಅಂದ್ರ ನಿಲ್!"

"ನಿಲ್" ಎಂದು ಜಗದೇವಪ್ಪನವರು ಕಣ್ಣೀರೊಳಗೇ ಅನುಮೋದಿಸಿದರು.

"ಪೀಠ ಅಂದ್ರ ಕೂಡೂದಲ್ರಿ?" ಎಂದಳು ಸಾಬಮ್ಮ. "ಹೆಡ್ ಮಾಸ್ತರ್ ಹೆಬ್ಬಟ್ಟಿನ ಮ್ಯಾಲ ಕುಂತದ, ಹೌದ ಬಿಡ್ರಿ."

ಕೊಯ್ದು ತೋರಿಸುವ ಮಾತು ಅಲ್ಲಿಗೇ ನಿಂತಿತು. ಊಟ ಮುಗಿಸಿ ಎಲ್ಲರೂ ಪ್ರಮಾಣಪತ್ರ ತೆಗೆದುಕೊಂಡರು. ಅವು ತರಬೇತಿಗಿಂತ ಮೊದಲೇ ಅಚ್ಚಾಗಿ ಬಂದಿದ್ದವು. ಹೊರಡುವಾಗ ಪರಿವೀಕ್ಷಕರು ಬಾಯಿಗೆ ಹೇಳಿದರು: "ಪೆಟಗಿ ಎಲ್ಲಾ ಗೋದಾಮಿನಾಗ ಕಟ್ಟಿ ತಯಾರ ಅವ. ನಿಮ್ಮ ಒಂದು ವರದಿ ಬಂದ್ರ ಗಾಡಿ ಹೊಂಟಂಗ." ಪ್ಯಾರಿಬಿ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಗೆಳತಿಯ ಕೈ ಹಿಡಿದಳು. ಈ ಸಲ ಚೇಷ್ಟೆ ಇರಲಿಲ್ಲ.

"ಬೇ, ನಮ್ಮ ಸಾಲಿದಾಗ ಐದನೇ ಕ್ಲಾಸಿನ ಮಕ್ಕಳು ಇಷ್ಟಿಷ್ಟ ಅವ. ಏನರೆ ಮಾಡು."

ಆಳಂದದ ಡಾಕ್ಟರು ಜಗದೇವಪ್ಪನವರ ಹೆಬ್ಬೆರಳಿಗೆ ಮಗುವಿನ ಕುಲಾವಿಯಷ್ಟು ದೊಡ್ಡ ಪಟ್ಟಿ ಸುತ್ತಿ, ಹದಿನೈದು ದಿನ ಕೈ ಆಡಿಸಬಾರದೆಂದರು. ಅಲ್ಲಿ ಶುರುವಾಯಿತು ನೋಡಿ ಹೊಸ ಫಜೀತಿ. ತಿಂಗಳ ಕೊನೆ. ಪಗಾರದ ಬಿಲ್ಲಿಗೆ ಮುಖ್ಯ ಗುರುಗಳ ಸಹಿ ಬೇಕು. ಗಣಿತದ ಮಾಸ್ತರರು ಅಳುಮೋರೆ ಮಾಡಿಕೊಂಡು ಮೇಜಿನ ಸುತ್ತ ತಿರುಗಿದರು. ಎಡಗೈಯಿಂದ ಸಹಿ ಮಾಡಿ ನೋಡಿದರೆ ಅದು ಹಿಂದಿ ಪಂಡಿತರ ಗರಗಸದ ಹಾಗೆ ಬಂತು.

"ಇನ್ನೊಂದು ಹೆಬ್ಬಟ್ಟದಲ್ರಿ, ಅದನ್ನ ಒತ್ರಿ" ಎಂದಳು ಸಾಬಮ್ಮ. "ನಾ ಪ್ರತಿ ತಿಂಗಳಾ ಒತ್ತಂಗಿಲ್ಲೇನು? ನಂಗ ಪಗಾರ ಬರಂಗಿಲ್ಲೇನು?"

"ಮ್ಯಾಟ್ರಿಕ್ ಪಾಸಾದಾವ ಹೆಬ್ಬಟ್ಟು ಒತ್ತಲೇನ ಬೇ!" ಎಂದು ಜಗದೇವಪ್ಪನವರು ಗುಡುಗಿದರು. ಉಳಿದದ್ದು ಒಂದೇ ದಾರಿ, ರಜೆ ಹಾಕಿ ಚಾರ್ಜು ಕೊಡುವುದು. ಚಾರ್ಜು ಹೋಗುವುದು ಸೇವೆಯಲ್ಲಿ ಹಿರಿಯರಿಗೆ. ಪಟ್ಟಿ ತೆಗೆದು ನೋಡಿದರೆ ಗಣಿತದವರಿಗಿಂತ, ವಿಜ್ಞಾನದವರಿಗಿಂತ ಮೊದಲು ಸೇರಿದವಳು ಹೊಲಿಗೆಯ ಬಾಯಿ.

ಅವರು ಕುರ್ಚಿ ಬಿಟ್ಟೆದ್ದು, ಸಿಕ್ಕಾ, ಪ್ಯಾ‌ಡು, ಕೀಲಿಕೈ ಒಂದೊಂದಾಗಿ ಮೇಜಿನ ಮೇಲಿಟ್ಟರು. ಆಮೇಲೆ ಕಲ್ಲಿನ ಕೆಳಗಿದ್ದ ಪತ್ರದ ಕಡೆ ನೋಡಿದರು. ಬಾಯಿಯೂ ನೋಡಿದಳು.

"ಅದನ್ನ ನಾ ಬಂದ ಮ್ಯಾಲ ನೋಡೂಣ್ರಿ."

"ಇಲ್ರಿ ಸರ್. ನಾ ಇವತ್ತ ಕಳಸ್ತೇನಿ."

ಜಗದೇವಪ್ಪನವರು ಪಟ್ಟಿಯ ಕೈಯನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದರು.

"ನಿಮಗ ನಾ ಹುಚ್ಚ ಕಾಣ್ತೇನಿ ಬಾಯಾರ. ಆದ್ರ ಒಂದು ಹುಡುಗನ ಕೈಬಟ್ಟು ಹೋತಂದ್ರ ಅವನವ್ವ ನನ್ನ ಬಾಗಲದಾಗ ಬಂದು ಕೂಡ್ತಾಳ. ಆ ಹೆಣ್ಮಗಳಿಗಿ ನಾ ಏನು ಹೇಳಲಿ? ಅದಕ್ಕ ಕೀಲಿ ಹಾಕಿದೆ."

ಈ ಮಾತನ್ನು ಅವರು ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಶಿವಕಾಂತಾಬಾಯಿಗೆ ಅವರ ಮೇಲೆ ಇದ್ದ ಸಿಟ್ಟು ಎಲ್ಲಿಡಬೇಕೋ ತಿಳಿಯದಾಯಿತು.

"ನಿಮ್ಮ ಬಾಗಲಕ್ಕ ಕೀಲಿ ಹಾಕ್ದಿರಿ, ಖರೆ" ಎಂದಳು. "ಈಗ ಮೂವತ್ತು ಬಾಗಲ ತಗಿಯಾಕತ್ತಾವ್ರಿ ಸರ್. ನಮ್ಮ ಹೆಸರೀಲೆ. ಅವರೆಲ್ಲಾ ಎಲ್ಲಿ ಬಂದು ಕೂಡಬೇಕು?"

ಜಗದೇವಪ್ಪನವರು ಪಟ್ಟಿಯ ಕೈಯನ್ನು ನೋಡಿಕೊಂಡರು. ಬಾಗಿಲತನಕ ಹೋದರು. ಹೊಸ್ತಿಲಲ್ಲಿ ನಿಂತು ತಿರುಗಿದರು.

"ಮುಖಾಂತರ ಕಳಸ್ರಿ ಮತ್ತ. ನೇರ ಕಳಸಬ್ಯಾಡ್ರಿ. ನಿಯಮ ಅದ."

"ಹೌದ್ರಿ."

ಅವರು ಹೋದ ಮೇಲೆ ಅವಳು ಕುರ್ಚಿಯ ಮೇಲೆ ಕೂತಳು. ಕಲ್ಲು ಸರಿಸಿ ಪತ್ರ ತೆಗೆದಳು. ಕಲ್ಲು ಕೂತ ಜಾಗ ಬಿಟ್ಟು ಉಳಿದ ಕಾಗದ ಹಳದಿಯಾಗಿತ್ತು. ತೆಗೆದುಹಾಕಿದ್ದ ಎರಡು 'ಇಲ್ಲ'ಗಳನ್ನು ತಿರುಗಿ ಅವುಗಳ ಜಾಗದಲ್ಲಿ ಬರೆದಳು. ಕೆಳಗೆ ಇನ್ನಷ್ಟು ಸೇರಿಸಿದಳು: ತರಬೇತಿಗೆ ಬಂದವರು ಗಾಳಿ ಕೊಯ್ಯುವುದನ್ನು ಕಲಿತಿದ್ದಾರೆ, ಮರ ಕೊಯ್ಯುವುದನ್ನು ಕಲಿತಿಲ್ಲ. ಒಬ್ಬೊಬ್ಬರೂ ಬಲ್ಲವರ ಕಣ್ಣೆದುರು ಗರಗಸ ಹಿಡಿದು ತೋರಿಸುವತನಕ ಅವರು ತರಬೇತಿ ಹೊಂದಿದವರೆಂದು ನಾನು ಬರೆಯಲಾರೆ. ಪೆಟ್ಟಿಗೆಗಳನ್ನು ತಡೆಯಿರಿ. ಅಪಘಾತಗಳು: ಒಂದು.

ಆಮೇಲೆ ಮುಖ್ಯ ಗುರುಗಳಾದ ಶಿವಕಾಂತಾಬಾಯಿ ಶಿಕ್ಷಕಿ ಶಿವಕಾಂತಾಬಾಯಿಯ ಪತ್ರವನ್ನು ಮೊದಲಿನಿಂದ ಓದಿದರು. ಹಾಶಿಯಾ ಸರಿಯಾಗಿತ್ತು. ಅಂಚಿನಲ್ಲಿ ಬರೆದರು: 'ಸದರಿ ಶಿಕ್ಷಕಿಯು ಬರೆದದ್ದನ್ನು ಪರಿಶೀಲಿಸಲಾಗಿ ನಿಜವೆಂದು ಕಂಡುಬಂದಿದೆ. ಶಿಫಾರಸು ಮಾಡಿ ಕಳಿಸಿದೆ.' ಸಹಿ ಹಾಕಿ ಸಿಕ್ಕಾ ಒತ್ತಿದರು. ಸಾಬಮ್ಮ ಮೇಜಿನ ಮೇಲೆ ಬಾಗಿ ಸಿಕ್ಕಾ ನೆಟ್ಟಗೆ ಬಿದ್ದಿದೆಯೋ ಇಲ್ಲವೋ ನೋಡಿದಳು.

"ಕೊಡ್ರಿ, ನಾ ಹಾಕಿ ಬರ್ತೇನಿ."

"ಬ್ಯಾಡ. ನಾನ ಹೋಗ್ತೇನಿ."

ಪೋಸ್ಟಿನ ಬುರಾನುದ್ದೀನ ಚೀಲದ ಬಾಯಿ ಕಟ್ಟುತ್ತಿದ್ದ. ಆಳಂದದ ಬಸ್ಸು ಹೊರಗೆ ಇಂಜಿನ್ನು ಆರಿಸದೆ ನಿಂತಿತ್ತು. ಲಕೋಟೆ ನೋಡಿ ಕೇಳಿದ: "ಸರ್ಕಾರಿ ತಿಕೀಟು ಹಚ್ಚಿಲ್ಲಲ್ರಿ ಬಾಯಾರ?"

"ಸರ್ಕಾರಿದು ಹುಡುಕಾಕ ಹೋದ್ರ ಬಸ್ ಹೋಗ್ತದ. ನನ್ನ ರೊಕ್ಕದ್ದ ಹಚ್ಚೋ ತಮ್ಮಾ. ರಿಜಿಸ್ಟರ್ ಮಾಡು."

ಅವನು ತಿಕೀಟು ಹಚ್ಚಿ, ರಸೀದಿ ಹರಿದು ಅವಳ ಕೈಗೆ ಕೊಟ್ಟು, ಲಕೋಟೆಯ ಮೇಲೆ ಎರಡು ಸಲ ಮುದ್ರೆ ಒತ್ತಿದ. ಕಟ್ಟುತ್ತಿದ್ದ ಚೀಲವನ್ನು ಮತ್ತೆ ಬಿಚ್ಚಿ ಅದರೊಳಗೆ ಹಾಕಿದ. ಕಂಡಕ್ಟರು ಚೀಲವನ್ನು ಡ್ರೈವರನ ಹಿಂದೆ ಎಸೆದು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿಕೊಂಡು ಹಿರೋಳ್ಳಿಯ ಕಡೆಗೆ ಹೊರಟಿತು.